ನಮ್ಮ ಅಂಗಡಿಯ ಹೆಸರಿನಲ್ಲಿ ನಕಲಿ ಇನ್‌ಸ್ಟಾಗ್ರಾಂ ಪುಟ ತೆರೆದು ಗಿರಾಕಿಗಳಿಂದ ಮುಂಗಡ ಪಡೆಯುತ್ತಿದ್ದಾರೆ. ಅದನ್ನು ತೆಗೆಸುವುದು ಹೇಗೆ?

ನಮ್ಮದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ನಿಮಗೆ ಈಗ ಆಗಿರುವುದು ಎರಡು ವರ್ಷದ ಹಿಂದೆ ನಮಗೂ ಆಗಿತ್ತು. ಪುಟ ತೆಗೆಸುವುದು ಹೇಗೆಂದು ಕೇಳಿದ್ದೀರಿ. ಅದು ಆಮೇಲಿನ ಕೆಲಸ. ಮೊದಲು ಹಣ ಕಳೆದುಕೊಂಡವರ ಕಡೆ ನೋಡಿ.

ನಮಗೆ ವಿಷಯ ಗೊತ್ತಾದದ್ದೇ ಒಬ್ಬ ತಾಯಿ ಅಂಗಡಿಗೆ ಬಂದು, ‘ಮದುವೆ ಹತ್ತಿರ ಬಂತು, ನನ್ನ ಸೀರೆ ಇನ್ನೂ ಬಂದಿಲ್ಲವಲ್ಲ’ ಎಂದಾಗ. ₹4,200 ಕಳಿಸಿದ್ದರು. ಅವರ ಮೊಬೈಲಿನಲ್ಲಿ ನಮ್ಮದೇ ಸೀರೆ: ಕೆಂಪು ಸೆರಗಿನಲ್ಲಿ ಬಿಳಿ ತೆನೆ, ಅದನ್ನು ಹಿಡಿದಿರುವ ನನ್ನ ತಂಗಿಯ ಕೈ, ಅವಳ ಹಸಿರು ಬಳೆ. ಪುಟದ ಹೆಸರಿನಲ್ಲಿ ಒಂದು ಅಡಿಗೆರೆ ಮಾತ್ರ ಹೆಚ್ಚಿಗೆ ಇತ್ತು. ನನ್ನ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಆ ಪುಟ ಕಾಣಲಿಲ್ಲ. ಅಸಲಿ ಅಂಗಡಿಯ ಖಾತೆಯನ್ನು ಅವರು ಮೊದಲೇ ಬ್ಲಾಕ್ ಮಾಡಿದ್ದರು. ಆದ್ದರಿಂದ ನೀವೂ ನೆರೆಹೊರೆಯವರ ಮೊಬೈಲಿನಿಂದ ಹುಡುಕಿ.

‘ಅದು ನಮ್ಮ ಪುಟವಲ್ಲ’ ಎಂದು ಆಕೆಯನ್ನು ಕಳಿಸಿಬಿಡಬಹುದಿತ್ತು. ಆದರೆ ಆ ಹಣ ಹೋದದ್ದು ನಮ್ಮ ಅಂಗಡಿಯ ಹೆಸರನ್ನು ನಂಬಿ. ಅಲ್ಲೇ ಕೂರಿಸಿಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ. ಪಾವತಿಯ 12 ಅಂಕಿಯ ಯುಪಿಐ ಸಂಖ್ಯೆ, ಬ್ಯಾಂಕು, ಮೊತ್ತ, ದಿನಾಂಕ ಕೇಳುತ್ತಾರೆ. ಹಣ ಆ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯಲು ಸಾಧ್ಯ. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಜಾರಿ ಹೋಗುತ್ತದೆ. ಆಕೆ ಹಣ ಕಳಿಸಿ ಒಂಬತ್ತು ದಿನವಾಗಿತ್ತು. ಸಿಗಲಿಲ್ಲ. ಆ ಸಂಕಟ ನನಗೆ ಇಂದಿಗೂ ಇದೆ. ಅದಕ್ಕೇ ಹೇಳುತ್ತಿದ್ದೇನೆ, ಮೋಸ ಹೋದ ಗಿರಾಕಿ ಫೋನ್ ಮಾಡಿದ ಕ್ಷಣವೇ 1930 ಎಂದು ಹೇಳಿ.

ಪುಟದ ಮೇಲೆ ದೂರು ಕೊಡುವ ಮುನ್ನ ಸಾಕ್ಷ್ಯ ತೆಗೆದಿಟ್ಟುಕೊಳ್ಳಿ, ಪುಟ ಅಳಿಸಿಹೋದ ಮೇಲೆ ತೋರಿಸಲು ಏನೂ ಇರುವುದಿಲ್ಲ. ಪ್ರತಿಯೊಂದು ಪೋಸ್ಟಿನ ಕೊಂಡಿಯನ್ನೂ (ಲಿಂಕ್) ಉಳಿಸಿ. ಪುಟದ ಹೆಸರು ಬದಲಿಸಿದರೂ ಅದು ಬದಲಾಗುವುದಿಲ್ಲ. ವಾಟ್ಸ್‌ಆಪ್ ಸಂಖ್ಯೆ, ಕ್ಯೂಆರ್ ಕೋಡ್ ಬೇಕು. ಎಲ್ಲಕ್ಕಿಂತ ಮುಖ್ಯ, ಯುಪಿಐ ಐಡಿ. ಪುಟಗಳನ್ನು ದಿನಕ್ಕೊಂದು ತೆರೆಯಬಹುದು, ಬ್ಯಾಂಕ್ ಖಾತೆ ಹಾಗಲ್ಲ. ಪೊಲೀಸರಿಗೆ ಸಿಗುವ ಎಳೆ ಅದೇ. ಇವನ್ನೆಲ್ಲ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹಾಕಿ, ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಕೊಡಿ. ಹೀಗೆ ಬೇರೊಬ್ಬರ ಸೋಗಿನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಇನ್‌ಸ್ಟಾಗ್ರಾಂಗೆ ದೂರು ಕೊಡುವಾಗ ಬೇರೊಬ್ಬರ ಸೋಗು ಹಾಕಿದ ಖಾತೆಗಳ ಮೇಲಿನ ದೂರಿಗೆಂದೇ ಇರುವ ಪ್ರತ್ಯೇಕ ಅರ್ಜಿಯನ್ನು ಮಾಲೀಕರಾದ ನೀವೇ ತುಂಬಿ. ಫೋಟೊಗಳು ನೀವು ತೆಗೆದವಾದರೆ ಹಕ್ಕುಸ್ವಾಮ್ಯದ ದೂರನ್ನೂ ಬೇರೆಯಾಗಿ ಸಲ್ಲಿಸಿ. ಅವರ ಕುಂದುಕೊರತೆ ಅಧಿಕಾರಿಯ ತೀರ್ಮಾನ ಸರಿಯೆನಿಸದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು.

ನಿಮ್ಮ ಪ್ರಶ್ನೆಯ ಕೆಳಗೇ ‘ಹಣ ವಾಪಸ್ ಕೊಡಿಸುತ್ತೇವೆ, ಪುಟ ಹ್ಯಾಕ್ ಮಾಡಿಕೊಡುತ್ತೇವೆ’ ಎನ್ನುವವರು ಬರುತ್ತಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ದಯವಿಟ್ಟು. ಅದೂ ಇದೇ ದಂಧೆ.

ಯುಪಿಐನಲ್ಲಿ ಹಣ ಕಳಿಸುವ ಮುನ್ನ ತೆರೆಯ ಮೇಲೆ ಖಾತೆದಾರರ ಹೆಸರು ಕಾಣುತ್ತದೆ. ಅದು ಯಾವ ಹೆಸರಿರಬೇಕು ಎಂಬುದನ್ನು ಗಿರಾಕಿಗಳಿಗೆ ಮೊದಲೇ ತಿಳಿಸಿಡಿ. ನಮ್ಮ ಪುಟದ ಹೊಸ ಫೋಟೊಗಳಲ್ಲಿ ಆ ಹಸಿರು ಬಳೆಯ ಕೈಯಲ್ಲಿ ಸೀರೆಯ ಜೊತೆಗೆ ಒಂದು ಚೀಟಿಯೂ ಇರುತ್ತದೆ. ಅಂಗಡಿಯ ಹೆಸರು, ಖಾತೆದಾರರ ಹೆಸರು, ಎರಡನ್ನೂ ತಂಗಿ ದಪ್ಪ ಅಕ್ಷರದಲ್ಲಿ ಸೆರಗಿಗೆ ತಾಗುವಂತೆ ಹಿಡಿಯುತ್ತಾಳೆ, ಕತ್ತರಿಸಿ ತೆಗೆಯಲು ಬಾರದ ಹಾಗೆ.