ಫಾರ್ಮಲಿನ್ ಬಾಟಲಿ ಪಕ್ಕಕ್ಕಿಡಿ, ನೀರು ಕಾಯಿಸಿ

ಪವನಾ ನದಿಯ ಬಸವನಹುಳು, ಕಪ್ಪೆಚಿಪ್ಪುಗಳನ್ನು ಫಾರ್ಮಲಿನ್‌ಗೆ ಹಾಕಿಟ್ಟಿದ್ದೇನೆ, ಡಿಎನ್‌ಎ ಮಾಡಿಸಿ ಜಾತಿ ಪತ್ತೆ ಹಚ್ಚಲು ಪುಣೆಯಲ್ಲಿ ಯಾವ ಪ್ರಯೋಗಾಲಯ ಒಳ್ಳೆಯದು ಎಂದು ಚಿಂಚವಡದ ಮಿತ್ರರು ಕೇಳಿದ್ದಾರೆ. ಸರ್, ಪ್ರಯೋಗಾಲಯದ ಮಾತು ಆಮೇಲೆ. ಆ ಬಾಟಲಿಯ ಫೋಟೋ ನೋಡಿಯೇ ಸಂಕಟವಾಯಿತು, ಏಕೆಂದರೆ ನಾನೂ ಹಿಂದೆ ಇದೇ ಹಳ್ಳಕ್ಕೆ ಬಿದ್ದವನು. ಫಾರ್ಮಲಿನ್ ಡಿಎನ್‌ಎಯನ್ನು ಪ್ರೋಟೀನಿನೊಂದಿಗೆ ಬೆಸೆದು ಚೂರುಚೂರು ಮಾಡುತ್ತದೆ. ನಮಗೆ ಬೇಕಾದ ಸಿಒಐ (ಜಾತಿ ಗುರುತಿಸಲು ಓದುವ ಮೈಟೊಕಾಂಡ್ರಿಯಾದ ಜೀನ್) ತುಣುಕು 658 ಅಕ್ಷರ ಉದ್ದ. ಅದು ಇಡಿಯಾಗಿ ಸಿಗುವ ಆಸೆ ಬಿಡಿ. ಸಾಲದ್ದಕ್ಕೆ, ಹುಳಿಯಾಗದಂತೆ ತಡೆಯುವ ಬಫರ್ ಹಾಕದ ಫಾರ್ಮಲಿನ್ ಕಾಲಕ್ರಮೇಣ ಹುಳಿಯಾಗಿ ಚಿಪ್ಪಿನ ಸುಣ್ಣವನ್ನೂ ತಿನ್ನುತ್ತದೆ. ಅತ್ತ ಡಿಎನ್‌ಎಯೂ ಇಲ್ಲ, ಇತ್ತ ಚಿಪ್ಪೂ ಇಲ್ಲ.

ಹಾಗಾದರೆ ಜೀವಂತ ಹುಳುವನ್ನು ನೇರವಾಗಿ ಎಥನಾಲ್‌ಗೆ ಹಾಕಿದರೆ ಸಾಕೇ? ಬೆಲ್ಲಾಮಿಯದಂಥ ಬಸವನಹುಳುಗಳು ಮುಚ್ಚಳ ಬಿಗಿದು ಒಳಗೆ ಕುಳಿತುಬಿಡುತ್ತವೆ. ದ್ರವ ಒಳಗೆ ಇಳಿಯುವುದಿಲ್ಲ, ಮಾಂಸ ಚಿಪ್ಪಿನೊಳಗೇ ಕೊಳೆಯುತ್ತದೆ. ನಾನು ಮಾಡುವುದು ಜಪಾನಿನವರ ನಿಕು-ನುಕಿ, ಅಂದರೆ ಚಿಪ್ಪು ಒಡೆಯದೆ ಮಾಂಸ ಹೊರತೆಗೆಯುವ ವಿಧಾನ. ನೀರು ಕುದಿಸಿ ಒಲೆಯಿಂದ ಇಳಿಸಿ. ಹುಳು ಪಾದ ಹೊರಚಾಚಿ ನಡೆಯುತ್ತಿರುವಾಗಲೇ ಅದನ್ನು ಬಿಸಿನೀರಿಗೆ ಬಿಡಿ. ಸಣ್ಣದಕ್ಕೆ ಕೆಲವು ಸೆಕೆಂಡು, ದೊಡ್ಡದಕ್ಕೆ ಅರ್ಧ ನಿಮಿಷ. ತೆಗೆದು ಪಾದವನ್ನು ಚಿಮಟದಲ್ಲಿ ಹಿಡಿದು, ಎಳೆಯದೆ, ಚಿಪ್ಪಿನ ಸುರುಳಿ ಹೋದ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಸ್ನಾಯು ಬಿಟ್ಟುಕೊಳ್ಳುವುದು ಕೈಗೆ ಗೊತ್ತಾಗುತ್ತದೆ; ಆಮೇಲೆ ತುದಿಯ ಕಂದು ಬಣ್ಣದ ಯಕೃತ್ತಿನ ಸುರುಳಿಯೂ ಸೇರಿ ಇಡೀ ದೇಹ ಹೊರಬರುತ್ತದೆ. ಡಿಎನ್‌ಎ ಕತ್ತರಿಸುವ ಕಿಣ್ವಗಳು ಆ ಬಿಸಿಗೆ ಕೆಟ್ಟುಹೋಗುವುದು ಇನ್ನೊಂದು ಲಾಭ. ಹೆಚ್ಚು ಹೊತ್ತು ಬಿಟ್ಟರೆ ಬೇಯುತ್ತದೆ, ಸಾರು ಮಾಡಬೇಡಿ. ಚಿಪ್ಪನ್ನು ಒಣಗಿಸಿ, ಅದರ ಮಾಂಸಕ್ಕೆ ಕೊಟ್ಟ ಸಂಖ್ಯೆಯಲ್ಲೇ ಇಡಿ. ಅದಿಲ್ಲದೆ ನಿಮ್ಮ ಡಿಎನ್‌ಎ ಅನುಕ್ರಮ (ಅಕ್ಷರಗಳ ಸಾಲು) ಯಾವ ಪ್ರಾಣಿಯದೆಂದು ಯಾರೂ ಮರುಪರೀಕ್ಷೆ ಮಾಡಲಾರರು.

ಪಾದದ ಸ್ನಾಯುವಿನಿಂದ ಅಕ್ಕಿಕಾಳಿನಷ್ಟು ತುಂಡು ಸಾಕು. ಕರುಳಿನ ಭಾಗ ಬೇಡ, ಅದು ತಿಂದದ್ದರ ಡಿಎನ್‌ಎ ಬರುತ್ತದೆ. ಲೋಳೆಯನ್ನು ಚೆನ್ನಾಗಿ ಒರೆಸಿ, ಅದು ಡಿಎನ್‌ಎ ನಕಲು ಹೆಚ್ಚಿಸುವ ಪಿಸಿಆರ್ ಅನ್ನೇ ತಡೆಯುತ್ತದೆ. ಬಸವನಹುಳುವಿಗೆ ಸಿಟಿಎಬಿ ರಾಸಾಯನಿಕದಿಂದ ಡಿಎನ್‌ಎ ಬೇರ್ಪಡಿಸುವ ವಿಧಾನ ಮಾಡುವವರನ್ನೇ ಹುಡುಕಿ. ಕಿಯಾಜೆನ್ ಕಂಪನಿಯ ಸಿದ್ಧ ಕಿಟ್ ಮೀನಿಗೆ ಚಿನ್ನ, ಈ ಲೋಳೆಯ ಮುಂದೆ ಮಾತ್ರ ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಒಂದೊಂದು ಹುಳುವಿಗೂ ಹೊಸ ಬ್ಲೇಡ್. ಎಥನಾಲ್ 95 ಶೇಕಡಾಕ್ಕಿಂತ ಕಡಿಮೆ ಬೇಡ. ಔಷಧಿ ಅಂಗಡಿಯ ಸ್ಪಿರಿಟ್, ಸ್ಯಾನಿಟೈಸರ್ ಎಂದು ಉಪಾಯ ಹೂಡಬೇಡಿ, ಪರಿಚಯದ ಕಾಲೇಜಿನಲ್ಲಿ ಕೇಳಿ. ಮಾಂಸದ ಹತ್ತು ಪಟ್ಟು ದ್ರವ ಹಾಕಿ, ಮಾಂಸದ ನೀರು ಸೇರಿ ಅದು ತೆಳುವಾಗುವುದರಿಂದ ಮರುದಿನ ತಪ್ಪದೆ ಬದಲಿಸಿ. ಚೀಟಿಯನ್ನು ನಟರಾಜ್ ಪೆನ್ಸಿಲಿನಲ್ಲಿ ಬರೆದು ಒಳಗೇ ಹಾಕಿ. ಪರ್ಮನೆಂಟ್ ಮಾರ್ಕರ್ ಎಥನಾಲ್ ತಗುಲಿದರೆ ಅಳಿಸಿಹೋಗುತ್ತದೆ.

ಕಪ್ಪೆಚಿಪ್ಪಿನದು ಬೇರೆಯೇ ಕಥೆ. ಸಿಹಿನೀರಿನ ಕಪ್ಪೆಚಿಪ್ಪು ಲ್ಯಾಮೆಲ್ಲಿಡೆನ್ಸ್ ಸೇರಿರುವ ಕುಟುಂಬದಲ್ಲಿ ಗಂಡಿನ ವೃಷಣದಲ್ಲಿ ತಂದೆಯಿಂದ ಬಂದ ಮೈಟೊಕಾಂಡ್ರಿಯಾ ಇರುತ್ತದೆ, ಅದರ ಅನುಕ್ರಮ ತಾಯಿಯ ಕಡೆಯದಕ್ಕಿಂತ ತೀರಾ ಬೇರೆ. ಅರಿಯದೆ ಅಲ್ಲಿಂದ ಕತ್ತರಿಸಿದರೆ ಒಂದೇ ಜಾತಿ ಎರಡಾಗಿ ಕಾಣಬಹುದು. ಪಾದದಿಂದಲೇ ತೆಗೆಯಿರಿ. ಮೀನಾದರೆ ಬಲಗಡೆಯ ರೆಕ್ಕೆ ಅಥವಾ ಸ್ನಾಯು; ಎಡಗಡೆ ಫೋಟೋಗೆ, ಅಳತೆಗೆ ಹಾಗೇ ಉಳಿಯಲಿ. ತುಂಡು ತೆಗೆದ ಮೇಲೆ ಮೀನನ್ನು ಬೇಕಾದರೆ ಫಾರ್ಮಲಿನ್‌ಗೆ ಹಾಕಿ, ಆಗ ನನ್ನ ತಕರಾರಿಲ್ಲ.

ಜಾಗದ ಹೆಸರನ್ನು ಬರಿದೇ ಪುಣೆ ಎಂದು ಬರೆಯಬೇಡಿ, ನದಿದಡದ ಘಾಟಿನ ಹೆಸರು ಬರೆಯಿರಿ. ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ 1839ರಲ್ಲಿ ದಖ್ಖನ್ನಿನ ಮಹಶೀರ್‌ಗೆ ಹೆಸರಿಟ್ಟದ್ದು ಇಲ್ಲಿನ ಮುಳಾ-ಮುಠಾದ ಮೀನಿನಿಂದ. ಇಂಥ ಮೂಲಸ್ಥಳದ ಮಾದರಿಗೆ ಬೆಲೆಯೇ ಬೇರೆ.

ವರದಿಯಲ್ಲಿ ಯಾವುದೋ ಜಾತಿಯೊಂದಿಗೆ 98 ಶೇಕಡಾ ಹೋಲಿಕೆ ಎಂದು ಬಂದ ಕೂಡಲೇ ಕುಣಿಯಬೇಡಿ. ಅನುಕ್ರಮಗಳ ಸಾರ್ವಜನಿಕ ಭಂಡಾರ ಜೆನ್‌ಬ್ಯಾಂಕಿನಲ್ಲಿ ತಪ್ಪು ಹೆಸರು ಹೊತ್ತವು ಬೇಕಾದಷ್ಟಿವೆ, ಇನ್ನೊಂದು ಭಂಡಾರ ಬೋಲ್ಡ್‌ನಲ್ಲಿ ಮಾದರಿಯ ಫೋಟೋ ಇದ್ದರೆ ನೋಡಿ. ನಮ್ಮ ಕೆರೆಗಳ ಚಪ್ಪಟೆ ಸುರುಳಿಯ ಬಸವನಹುಳು ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಒಂದೇ ಹೆಸರಿನಡಿ ಹಲವು ವಂಶಾವಳಿಗಳಿರುವ ಗುಂಪು. ವ್ಯತ್ಯಾಸ ಎರಡು ಶೇಕಡಾದೊಳಗಿದ್ದರೆ ಒಂದೇ ಜಾತಿ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪ್ರಯೋಗಾಲಯದವರಿಂದ ಕ್ರೊಮ್ಯಾಟೊಗ್ರಾಮ್ (ಒಂದೊಂದು ಅಕ್ಷರವನ್ನೂ ಶಿಖರವಾಗಿ ತೋರಿಸುವ ನಕ್ಷೆ) ಫೈಲನ್ನು ಕೇಳಿಯೇ ಪಡೆಯಿರಿ. ಜೋಡಿ ಶಿಖರಗಳಿದ್ದರೆ, ಅಥವಾ ಬೆನ್ನೆಲುಬಿಲ್ಲದ ಪ್ರಾಣಿಗಳ ಮೈಟೊಕಾಂಡ್ರಿಯಾಕ್ಕಿರುವ 5ನೇ ಸಂಕೇತ ಕೋಷ್ಟಕದಂತೆ ಪ್ರೋಟೀನಿಗೆ ಅನುವಾದಿಸಿದಾಗ ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಮುಗಿಯಿತೆಂಬ ಸಂಕೇತ) ಬಂದರೆ ಆ ಅನುಕ್ರಮವನ್ನು ಅನುಮಾನಿಸಿ. ಏಡಿಗಳಲ್ಲಿ ಈ ಕಾಟ ಹೆಚ್ಚು.

ನೀರನ್ನೇ ಸೋಸಿ ಡಿಎನ್‌ಎ ತೆಗೆಯೋಣ ಎಂದು ಪ್ರತಿಕ್ರಿಯೆಯಲ್ಲಿ ಒಬ್ಬರು ಬರೆದಿದ್ದಾರೆ. ಮಾಡಿ, ಆದರೆ ಪೇಟೆಯೊಳಗಿನ ಮುಠಾದಲ್ಲಿ ಬೇಡ. ಮೀನು ಮಾರುಕಟ್ಟೆಯ, ಮನೆಗಳ ಕೊಳಚೆ ಸೇರಿ ಪಟ್ಟಿಯಲ್ಲಿ ಸಮುದ್ರದ ಬಂಗುಡೆಯೂ ಕಾಣಿಸಬಹುದು!

ಹೊರದೇಶದ ಪ್ರಯೋಗಾಲಯ ಅಗ್ಗ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯಿಲ್ಲದೆ ಮಾದರಿ ಕಳುಹಿಸಿದರೆ ಕಾನೂನಿನ ತೊಡಕು. ನಿಮಗೆ ಆಕುರ್ಡಿಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಕೇಂದ್ರ ಪಕ್ಕದಲ್ಲೇ ಇದೆ, ಮೊದಲು ಒಣ ಚಿಪ್ಪುಗಳನ್ನು ಅಲ್ಲಿ ತೋರಿಸಿ ಕೇಳಿ. ಒಂದೇ ಸ್ಟೇಷನ್ ಅಲ್ಲವೇ ಎಂದು ಎಥನಾಲ್ ಸೀಸೆ ಹಿಡಿದು ಲೋಕಲ್ ಹತ್ತಬೇಡಿ, ಉರಿಯುವ ದ್ರವವನ್ನು ರೈಲಿನಲ್ಲಿ ಒಯ್ಯುವಂತಿಲ್ಲ.