ಹಳೇ ಗೋವಾದ ಹೆಚ್ಚಿನ ಚರ್ಚುಗಳು ಬಿಳಿ, ಬೋಮ್ ಜೀಸಸ್ ಚರ್ಚು ಕೆಂಪು ಯಾಕೆ?

ಅದರ ಹೊರಗಿನ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತವೇ ಕೆತ್ತಿ ತೆಗೆಸಿತು. ಕಲ್ಲು ಕಂಡರೆ ಕಟ್ಟಡ ಇನ್ನಷ್ಟು ಪುರಾತನವಾಗಿ ಕಾಣುತ್ತದೆ ಎಂಬ ಎಣಿಕೆ. 1605ರಲ್ಲಿ ಪ್ರತಿಷ್ಠೆಯಾದ ಈ ಚರ್ಚಿಗೂ ಅಲ್ಲಿಯವರೆಗೆ ಗಾರೆಯ ಹೊದಿಕೆಯಿತ್ತು.

ಒಳಗಿರುವುದು ನಮ್ಮ ಕರಾವಳಿಯದೇ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಣಗಿದಾಗ ಅದರಲ್ಲಿನ ಕಬ್ಬಿಣದ ಅಂಶ ಗಟ್ಟಿಯಾಗುತ್ತದೆ. ಆದರೆ ಮೈತುಂಬ ರಂಧ್ರ. ಮಳೆನೀರು ಇಳಿದು ರಂಧ್ರಗಳೊಳಗಿನ ಜೇಡಿಯನ್ನು ತೊಳೆಯುತ್ತದೆ, ಕಲ್ಲು ಪುಡಿಯಾಗುತ್ತದೆ. ಸುಣ್ಣದ ಗಾರೆ ಆ ಪೆಟ್ಟನ್ನು ತಾನು ತಿಂದು ಕಲ್ಲನ್ನು ಉಳಿಸುತ್ತದೆ. ಹೊದಿಕೆ ಸವೆದರೆ ಮತ್ತೆ ಬಳಿಯಬಹುದು, ಗೋಡೆ ಸವೆದರೆ ಹಾಗಾಗದು. ಸಿಮೆಂಟ್ ಬಳಿಯುವುದು ಇನ್ನೂ ಕೆಡುಕು: ತೇವ ಒಳಗೇ ಸಿಕ್ಕಿಬೀಳುತ್ತದೆ.

ಹೋದಾಗ ಮುಂಭಾಗವನ್ನಷ್ಟೇ ನೋಡಿ ಒಳನಡೆಯಬೇಡಿ. ಅಲ್ಲಿನ ಕೆತ್ತನೆ ಮುಂಬೈ ಬಳಿಯ ವಸಾಯಿಯಿಂದ ತಂದ ಕಪ್ಪು ಬಸಾಲ್ಟ್ ಕಲ್ಲಿನದು, ಇಂದಿಗೂ ಚೂಪಾಗಿದೆ. ಪಕ್ಕದ ಗೋಡೆಗಳ ಬಳಿ ಹೋದರೆ ಸವೆತ ಬರಿಗಣ್ಣಿಗೆ ಕಾಣುತ್ತದೆ, ದಯವಿಟ್ಟು ಮುಟ್ಟಬೇಡಿ. ಆಮೇಲೆ ರಸ್ತೆ ದಾಟಿ ಸೆ ಕೆಥೆಡ್ರಲ್ ನೋಡಿ: ಅದೇ ಕಲ್ಲು, ಬಿಳಿ ಹೊದಿಕೆಯೊಳಗೆ.