ವಿಂಡೋಸ್ ಬಿಟ್ಟು ಲಿನಕ್ಸ್: ಮೊದಲು ಪೆನ್‌ಡ್ರೈವ್, ಆಮೇಲೆ ಹಾರ್ಡ್‌ಡಿಸ್ಕ್

ಪ್ರಶ್ನೆ: ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. 2025ರ ಅಕ್ಟೋಬರ್‌ನಲ್ಲಿ ಅದರ ಬೆಂಬಲ ನಿಂತಿತು. ವಿಂಡೋಸ್ 11 ಹಾಕಹೋದರೆ ಯಂತ್ರ ಅರ್ಹವಲ್ಲ ಎನ್ನುತ್ತದೆ. ಇಂಟೆಲ್ 6ನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ್‍ಯಾಮ್. ಲಿನಕ್ಸ್ ನಡೆಯುತ್ತದೆಯೇ? ಯಾವುದು ಹಾಕಲಿ?

ಉತ್ತರ: ಧಾರಾಳವಾಗಿ ನಡೆಯುತ್ತದೆ. ವಿಂಡೋಸ್ 11 ತಕರಾರು ತೆಗೆಯುವುದು ವೇಗದ ಬಗ್ಗೆ ಅಲ್ಲ. ಅದಕ್ಕೆ ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಚಿಪ್) ಬೇಕು, ಜೊತೆಗೆ ಪ್ರೊಸೆಸರ್ ಅದರ ಪಟ್ಟಿಯಲ್ಲಿರಬೇಕು. ಇಂಟೆಲ್‌ನಲ್ಲಿ ಆ ಪಟ್ಟಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಶುರುವಾಗುತ್ತದೆ. ಲಿನಕ್ಸ್‌ಗೆ ಈ ಕಟ್ಟುಪಾಡಿಲ್ಲ.

ವಿಂಡೋಸ್ ರೂಢಿಯಿದ್ದವರಿಗೆ ಲಿನಕ್ಸ್‌ನ ಹಲವು ರೂಪಗಳಲ್ಲಿ ನಾವು ಹೇಳುವುದು ಲಿನಕ್ಸ್ ಮಿಂಟ್. 4 ಜಿಬಿಗೆ ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್ ಆವೃತ್ತಿ. ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರುತ್ತದೆ. ಒಂದು ಮಾತು: ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಯಾವ ಲಿನಕ್ಸ್ ಹಾಕಿದರೂ 4 ಜಿಬಿ ಸಾಲದು. ತಿರುಗುವ ಹಾರ್ಡ್‌ಡಿಸ್ಕ್ ಇನ್ನೂ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಆಪರೇಟಿಂಗ್ ಸಿಸ್ಟಂ ಬದಲಿಸಿದ್ದಕ್ಕಿಂತ ಅದರ ಲಾಭ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ಮಿಂಟ್‌ನ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಮಾಡಲು ಡೌನ್‌ಲೋಡ್ ಮಾಡಿಕೊಂಡ ಪೂರ್ತಿ ಪ್ರತಿ) ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಕಂಪ್ಯೂಟರ್ ಅದರಿಂದ ಶುರುವಾಗಲೇ ಇಲ್ಲ. ಹಾರ್ಡ್‌ಡಿಸ್ಕ್ ಮುಟ್ಟುವ ಮುನ್ನ ಏನೇನು ನೋಡಿಕೊಳ್ಳಬೇಕು?

ಉತ್ತರ: ಬರೀ ಕಾಪಿ ಮಾಡಿದರೆ ಬೂಟ್ ಆಗದು. ರೂಫಸ್ ಅಥವಾ ಬಲೇನಾ ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು. 8 ಜಿಬಿ ಪೆನ್‌ಡ್ರೈವ್ ಸಾಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬರೆಯುವ ಮುಂಚೆ ಫೈಲಿನ ಎಸ್‌ಎಚ್‌ಎ256 ಸಂಕೇತವನ್ನು (64 ಅಕ್ಷರಗಳ ಸಾಲು) ಮಿಂಟ್ ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ. ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲಲು ಅರೆಬರೆ ಡೌನ್‌ಲೋಡ್ ಆದ ಫೈಲೇ ಕಾರಣವಾಗಿರುವುದುಂಟು. ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತುತ್ತಿರಿ: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್.

ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಈಗ ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಯುತ್ತದೆ, ಹಾರ್ಡ್‌ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಇನ್‌ಸ್ಟಾಲ್ ಐಕಾನ್‌ಗೆ ಕೈಹಾಕಬೇಡಿ, ಒಂದು ಗಂಟೆ ಪರೀಕ್ಷೆಗೆ ಕೊಡಿ. ವೈಫೈ, ಸ್ಪೀಕರ್, ಹೆಡ್‌ಫೋನ್, ಮೈಕ್, ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್‌ನಲ್ಲಿ ಒಂದು ಪುಟ. ಲ್ಯಾಪ್‌ಟಾಪ್ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆಯಿರಿ. ಪರದೆ ಕಪ್ಪಾಗಿಯೇ ಉಳಿದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು. ನಿಧಾನವೆನಿಸಿದರೆ ಗಾಬರಿ ಬೇಡ, ಅದು ಪೆನ್‌ಡ್ರೈವ್‌ನ ವೇಗ.

ಕೈಕೊಡುವುದರಲ್ಲಿ ಮೊದಲನೆಯದು ವೈಫೈ, ಅದರಲ್ಲೂ ಬ್ರಾಡ್‌ಕಾಮ್ ಮತ್ತು ಕೆಲವು ರಿಯಲ್‌ಟೆಕ್ ಚಿಪ್‌ಗಳು. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು, ಚಿಪ್‌ಗೆ ಬೇಕಾದ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಹುಡುಕಿ. ಎರಡನೆಯದು, ಮಿಂಟ್‌ನ 'ಡಿಸ್ಕ್ಸ್' ತೆರೆದರೆ ಒಳಗಿನ ಎಸ್‌ಎಸ್‌ಡಿಯೇ ಕಾಣದಿರುವುದು. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್) ಸ್ಟೋರೇಜ್ 'ರೇಡ್' ಅಥವಾ 'ಇಂಟೆಲ್ ಆರ್‌ಎಸ್‌ಟಿ' ಎಂದಿರುತ್ತದೆ, ಅದನ್ನು ಎಎಚ್‌ಸಿಐ (ಡಿಸ್ಕ್ ಬಳಸುವ ಸಾಮಾನ್ಯ ವಿಧಾನ) ಮಾಡಬೇಕು. ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ನೇರವಾಗಿ ಮಾಡಿದರೆ ನೀಲಿ ಪರದೆ ಬಂದು ವಿಂಡೋಸ್ ಏಳುವುದೇ ಇಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ (ಕನಿಷ್ಠ ಡ್ರೈವರ್‌ಗಳಲ್ಲಿ ಏಳುವ ಸ್ಥಿತಿ) ಹೊಂದಿಸಿ, ರೀಸ್ಟಾರ್ಟ್‌ನಲ್ಲಿ ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ಗೆ ಹೋಗಿ, ಆಮೇಲೆ ಮಾಮೂಲಿಗೆ ಮರಳಿ.

ಪ್ರಶ್ನೆ: ಮಿಂಟ್ ಹಾಕಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯಲ್ಲಿ 'ಎಂಒಕೆ' ಎಂದು ಏನೋ ಬಂದು ತಾನೇ ಹೋಯಿತು. ಎನ್ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹಾಕಿದ್ದೇನೆ, ಆದರೂ ಕೆಲಸ ಮಾಡುತ್ತಿಲ್ಲ.

ಉತ್ತರ: ಆ ಪರದೆ ಬರೀ ಹತ್ತು ಸೆಕೆಂಡ್ ಕಾಯುತ್ತದೆ. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇದ್ದಾಗ ಹೊರಗಿನ ಡ್ರೈವರ್ ಲೋಡ್ ಆಗಲು ನಿಮ್ಮ ಒಪ್ಪಿಗೆ ಬೇಕು. ಅದನ್ನು ಕೇಳಲೆಂದೇ ಆ ಪರದೆ ಬಂದದ್ದು; ಎಂಒಕೆ ಎಂದರೆ ಯಂತ್ರದ ಮಾಲೀಕರು ಒಪ್ಪಿದ ಕೀ. ಡ್ರೈವರ್ ತೆಗೆದು ಮತ್ತೆ ಹಾಕಿ, ಕೇಳಿದಾಗ ಕೊಟ್ಟ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದೊಡನೆ ಯಾವುದಾದರೂ ಕೀ ಒತ್ತಿ, 'ಎನ್ರೋಲ್ ಎಂಒಕೆ', 'ಕಂಟಿನ್ಯೂ', 'ಯೆಸ್', ಪಾಸ್‌ವರ್ಡ್, 'ರೀಬೂಟ್'. ಟೈಪ್ ಮಾಡುವಾಗ ಅಕ್ಷರ ಕಾಣದಿದ್ದರೂ ಒಳಗೆ ಹೋಗುತ್ತಿರುತ್ತದೆ.

ಪ್ರಶ್ನೆ: ವಿಂಡೋಸ್ ಪಕ್ಕದಲ್ಲೇ ಮಿಂಟ್ ಇದೆ. ಡಿ ಡ್ರೈವ್ ಫೈಲುಗಳು ತೆರೆದುಕೊಳ್ಳುತ್ತವೆ, ಸೇವ್ ಆಗುವುದಿಲ್ಲ. ಮೊನ್ನೆ ವಿಂಡೋಸ್ ಅಪ್‌ಡೇಟ್ ಆದಮೇಲಂತೂ ಆನ್ ಮಾಡಿದಾಗ ಬರುತ್ತಿದ್ದ ಮಿಂಟ್ ಮೆನುವೇ ಕಾಣೆಯಾಗಿದೆ.

ಉತ್ತರ: ಮೊದಲನೆಯದು ಫಾಸ್ಟ್ ಸ್ಟಾರ್ಟಪ್ ಕೆಲಸ. ಶಟ್‌ಡೌನ್ ಎಂದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಗೆ ಹೋಗಿರುತ್ತದೆ. ಹಾಗಿದ್ದಾಗ ಬರೆದರೆ ಫೈಲುಗಳು ಕೆಟ್ಟಾವೆಂದು ಲಿನಕ್ಸ್ ಓದಲಷ್ಟೇ ಬಿಡುತ್ತದೆ. ವಿಂಡೋಸ್ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಕಡೆ, ಅದರ ಟಿಕ್ ತೆಗೆಯಿರಿ. ಎರಡನೆಯದರಲ್ಲಿ ಮಿಂಟ್ ಎಲ್ಲೂ ಹೋಗಿಲ್ಲ, ಬೂಟ್ ಸರದಿ ತಿರುಗುಮುರುಗಾಗಿದೆ. ಬಯೋಸ್‌ಗೆ ಹೋಗಿ 'ಉಬುಂಟು' ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಎಂದು ಹುಡುಕಿದರೆ ಸಿಗದು, ಅಲ್ಲಿ ಅದರ ಹೆಸರೇ ಉಬುಂಟು.

ಇನ್ನೂ ಇನ್‌ಸ್ಟಾಲ್ ಮಾಡದ ಓದುಗರಿಗೆ: ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳದೆ ಬಯೋಸ್ ಮುಟ್ಟಬೇಡಿ. ಮಿಂಟ್‌ಗೆ 50 ಜಿಬಿಯಾದರೂ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಬಿಡಿಸಿ. ಇನ್‌ಸ್ಟಾಲರ್‌ನ 'ಇರೇಸ್ ಡಿಸ್ಕ್' ಎಂದರೆ ಸಿ ಡ್ರೈವ್ ಮಾತ್ರವಲ್ಲ, ಡಿ ಕೂಡ ಹೋಯಿತು.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳ ಗತಿ? ಕನ್ನಡ ಟೈಪಿಂಗ್ ಹೇಗೆ?

ಉತ್ತರ: ಟೈಪಿಂಗ್‌ಗೆ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಮತ್ತು ಕನ್ನಡ ಕೀಲಿವಿನ್ಯಾಸಗಳಿರುವ ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಬನ್ನಿ. ನುಡಿಯಲ್ಲಿ ಬೆರಳು ಪಳಗಿದವರು ಕೆಜಿಪಿ ವಿನ್ಯಾಸ ಆರಿಸಲಿ. ಹಳೆಯ ಕಡತ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ವಿಂಡೋಸ್ ಇರುವಾಗಲೇ ಪರಿವರ್ತಿಸಿಕೊಳ್ಳಿ. ವರ್ಡ್ ಕಡತಗಳು ಲಿನಕ್ಸ್‌ನ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಪುಟ ಕದಲಿದರೆ ಬಹುಪಾಲು ಫಾಂಟ್ ಸಮಸ್ಯೆ. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೊ, ಕೇಂಬ್ರಿಯಾ ಬದಲಿಗೆ ಕ್ಯಾಲಡಿಯಾ ಹಾಕಿ; ಅಕ್ಷರದ ಅಗಲ ಒಂದೇ, ಸಾಲು ಮುರಿಯುವುದಿಲ್ಲ. ಎಕ್ಸೆಲ್ ಮ್ಯಾಕ್ರೊಗಳನ್ನು ಮಾತ್ರ ಒಂದೊಂದಾಗಿ ಓಡಿಸಿಯೇ ನೋಡಬೇಕು.